ಗ್ಯಾಸ್ ಹಡಗು ಯಾವ ಪಟ್ಟಿಗೆ?

ಏಪ್ರಿಲ್ 21, ಸೋಮವಾರ

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಆಫೀಸಿಗೆ ತಡ. ಸಿಂಹಳ ಹೊಸ ವರ್ಷದ ರಜೆ ಮುಗಿದು ವಾರವಾದರೂ ಎಲ್ಲರ ಡ್ರಾಯರಿನಲ್ಲೂ ಇನ್ನೂ ಹಬ್ಬದ ಕಜ್ಜಾಯ, ಕೆವುಮ್. ನನ್ನ ಪಾಲಿಗೆ ಬಂದದ್ದು ಕಲ್ಲಿನಂತಿತ್ತು.

ಸಂಪಾದಕ ವಿತಾನಗೆ ಸರ್ ಒಳಗೆ ಕರೆದರು. ಮೂಡ್ ಚೆನ್ನಾಗಿತ್ತು — ಅಂದರೆ ನನಗೆ ಕೆಲಸ ಕಾದಿದೆ ಎಂದೇ ಅರ್ಥ.

"ಶ್ರಿಯಾನಿ, ಅಧ್ಯಕ್ಷರ ಅವಧಿ ಮುಗೀತಾ ಬಂತು. ಮೇ ನಾಲ್ಕರ ಭಾನುವಾರಕ್ಕೆ ಎರಡು ಪುಟ. ಐದು ಒಳ್ಳೇ ನಿರ್ಧಾರ, ಐದು ಕೆಟ್ಟ ನಿರ್ಧಾರ. ಮಧ್ಯೆ ಒಂದು ತಕ್ಕಡಿ ಚಿತ್ರ."

"ಒಳ್ಳೇದು ಐದು ಸಿಗ್ದೇ ಇದ್ರೆ ಸರ್?"

"ಹುಡುಕಮ್ಮಾ. ಇಷ್ಟು ವರ್ಷ ಆಳಿದ್ದಾರೆ, ತಪ್ಪಿಯಾದ್ರೂ ಐದು ಮಾಡಿರ್ತಾರೆ."

ನಕ್ಕೆವು. ಕೆಟ್ಟದ್ದರಲ್ಲಿ ಮೊದಲನೆಯದನ್ನು ಹುಡುಕಬೇಕಾಗಿರಲಿಲ್ಲ. ಗ್ಯಾಸ್ ಹಡಗು. ಆ ವರ್ಷ ಖಜಾನೆಯಲ್ಲಿ ಉಳಿದಿದ್ದ ಡಾಲರನ್ನೆಲ್ಲ ಸಾಲ ಕೊಟ್ಟ ವಿದೇಶಿಯರಿಗೆ ಕೊಟ್ಟರು. ಕೊಲಂಬೊ ಬಂದರಿನ ಹೊರಗೆ ಗ್ಯಾಸಿನ ಹಡಗು ಬಂದು ನಿಂತಿತು. ಇಳಿಸಿಕೊಳ್ಳಲು ದುಡ್ಡಿಲ್ಲ. ದಡದಲ್ಲಿ ನಿಂತರೆ ಕಣ್ಣಿಗೇ ಕಾಣುತ್ತಿತ್ತು. "ದೇಶ ಕೊಟ್ಟ ಮಾತು ಉಳಿಸಿಕೊಂಡಿತು" ಎಂದರು ಅಧ್ಯಕ್ಷರು ಟಿವಿಯಲ್ಲಿ.

ನಾವು ಕ್ಯೂನಲ್ಲಿ ನಿಂತೆವು. ಅಮ್ಮನ ಸಿಲಿಂಡರ್ ಹಿಡಿದು ನನ್ನ ತಮ್ಮ ಜನಿತ ನಿಂತ. ಅಲ್ಲಿಂದ ಅವನು ಮನೆಗೆ ಬರಲೇ ಇಲ್ಲ. ನೇರ ಜೈಲು.

ಏಪ್ರಿಲ್ 23

ರತ್ನಸಿರಿ ಫೋನ್ ಎತ್ತಿದ. ಕಡೆಗೂ! ಅಧ್ಯಕ್ಷರ ಕಚೇರಿಯಲ್ಲಿ ಕಡತ ಓಡಾಡಿಸುವವನು. ವೆಸಾಕ್ ಹುಣ್ಣಿಮೆಗೆ, ಬುದ್ಧನ ಹಬ್ಬಕ್ಕೆ, ಅಧ್ಯಕ್ಷರು ಕೈದಿಗಳಿಗೆ ಕ್ಷಮಾದಾನ ಕೊಡುತ್ತಾರಲ್ಲ, ಅದರ ಕರಡು ಪಟ್ಟಿಯಲ್ಲಿ ಜನಿತನ ಹೆಸರಿದೆಯಂತೆ.

"ಕ್ಯೂನಲ್ಲಿ ಸತ್ತವನ ಹೆಂಡತಿ ತಕರಾರಿಲ್ಲ ಅಂತ ಬರೆದುಕೊಟ್ರೆ ಗಟ್ಟಿ ಆಗುತ್ತೆ ಮಿಸ್. ಆ ಯಮ್ಮ ಅಡ್ಡ ಬಂದ್ರೆ ಮಾತ್ರ ಕಷ್ಟ."

ಅಮ್ಮನಿಗೆ ಮುಂದಿನ ವೆಸಾಕ್ ಇಲ್ಲ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಈ ಸಲ ಆಗಬೇಕು. ಇಲ್ಲವಾದರೆ ಅಮ್ಮ ಮಗನನ್ನು ನೋಡದೆ... ಬರೆಯುವುದಿಲ್ಲ ಅದನ್ನು.

ಏಪ್ರಿಲ್ 27, ಭಾನುವಾರ

ಸತ್ತವನ ಹೆಂಡತಿಯ ಮನೆಗೆ, ರಾಗಮಕ್ಕೆ ಹೋಗಿದ್ದೆ. ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು. ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗುವುದುಂಟೇ? ಎಲೆ ತೆಗೆದುಕೊಂಡರೆ ಮಾತು ಕೊಟ್ಟಂತೆ. ತೆಗೆದುಕೊಳ್ಳದಿದ್ದರೆ — ದಾರಿಯುದ್ದಕ್ಕೂ ಅದೇ ಯೋಚನೆ. ಬೆವರಿಗೆ ಎಲೆ ಬಾಡೀತೆಂದು ಒದ್ದೆ ಕರವಸ್ತ್ರ ಸುತ್ತಿದ್ದೆ.

ಸೋಮಲತಾ ನನಗಿಂತ ಚಿಕ್ಕವಳು. ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ನಿಲ್ಲಿಸಿದಳು.

"ಕೂತ್ಕೊಳಿ ನೋನಾ. ಹಾಲಿಲ್ಲ, ಕರೀ ಟೀ ಕೊಡ್ತೀನಿ."

ಮೇಡಂ ಎನ್ನುವ ಹಾಗೆ ನೋನಾ ಎಂದೇ ಕರೆದಳು. ನಾನು ಮಾತು ಶುರುಮಾಡುವ ಮೊದಲೇ ಅವಳು ಹೇಳಿದಳು.

"ನಮ್ಮೋರು ಬಂದುಲ, ನಿಮ್ಮ ತಮ್ಮ, ಇಬ್ರೂ ಒಂದೇ ಫ್ಲಾಸ್ಕಿನ ಟೀ ಕುಡಿದ್ರು ಅಲ್ಲಿ. ಸಿಲಿಂಡರ್ ಕದ್ದಾರು ಅಂತ ಎರಡಕ್ಕೂ ಒಂದೇ ಸರಪಳಿ ಹಾಕಿ ಪಕ್ಕದಲ್ಲೇ ಮಲಗಿದ್ರು. ದ್ವೇಷ ಎಲ್ಲಿತ್ತು? ಲಾರಿ ಬಂತು, ಸ್ಟಾಕ್ ಮುಗೀತು ಅಂದ್ರು, ಎಲ್ಲಾ ನುಗ್ಗಿದ್ರು. ನಿಮ್ಮ ತಮ್ಮ ತಳ್ದ, ಇವ್ರು ಬಿದ್ರು, ತಲೆಗೆ ಕಲ್ಲು ಬಡೀತು. ತಳ್ಳದೇ ನಿಂತೋರು ಯಾರಿದ್ರು ಅಲ್ಲಿ?"

"ತಂಗೀ..."

"ಕೊಂದದ್ದು ಆ ಕ್ಯೂ ನೋನಾ. ಆ ಕ್ಯೂನಲ್ಲಿ ನಿಲ್ಲಿಸಿದೋರು."

ಎರಡೂ ಕೈ ಚಾಚಿ ಎಲೆ ತೆಗೆದುಕೊಂಡಳು. ಮೇ ಏಳಕ್ಕೆ ಗ್ರಾಮಾಧಿಕಾರಿಯ ಮುಂದೆ ಸಹಿ ಹಾಕುತ್ತಾಳೆ. ನನಗೆ ಅಳು ತಡೆಯಲಾಗಲಿಲ್ಲ. ಸಮಾಧಾನ ಮಾಡಿದ್ದೂ ಅವಳೇ!

ಮೇ 1

ಮೆರವಣಿಗೆಗಳ ಗಲಾಟೆ. ಕೆಂಪು ಬಾವುಟದವರು ದಾಟಿ ಹೋಗುವಷ್ಟರಲ್ಲಿ ರತ್ನಸಿರಿಯ ಫೋನು. ತಾನಾಗಿಯೇ ಮಾಡಿದ್ದ.

"ಭಾನುವಾರ ನಿಮ್ಮ ಲೇಖನ ಬರುತ್ತಂತೆ ಮಿಸ್."

"ಹೂಂ."

"ನಾನೇನೂ ಹೇಳ್ತಾ ಇಲ್ಲ. ಪತ್ರಿಕಾ ಸ್ವಾತಂತ್ರ್ಯ. ಆ ಹಡಗಿನ ವಿಷಯ ಒಂದು ಎತ್ತಿದ್ರೆ ದೊಡ್ಡೋರಿಗೆ ಬಹಳ ನೋವಾಗುತ್ತೆ, ಅಷ್ಟೇ. ಪಟ್ಟಿ ಇನ್ನೂ ಅವರ ಮೇಜಿನ ಮೇಲೇ ಇದೆ."

ಏನೂ ಹೇಳದೆ ಎಲ್ಲ ಹೇಳಿದ.

ಮೇ 2, ಮಧ್ಯಾಹ್ನ

ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದೆ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. ಸಾಲದೆನಿಸಿತು. ಹಡಗನ್ನೇ ಬಿಟ್ಟುಬಿಡೋಣವೆಂದರೆ, ಕೆಟ್ಟ ನಿರ್ಧಾರಗಳಲ್ಲಿ ಹಡಗಿಲ್ಲದಿದ್ದರೆ ಊರು ನಕ್ಕೀತು. ಕೊನೆಗೆ ಅದನ್ನು ಎತ್ತಿ ಒಳ್ಳೆಯ ಪಟ್ಟಿಗೆ ಹಾಕಿದೆ. ಎರಡನೆಯ ಸ್ಥಾನ.

ಬರೆದದ್ದು ಇದು: "ದೇಶದ ಮರ್ಯಾದೆ ಉಳಿಸಿದ ದಿಟ್ಟ ನಿರ್ಧಾರ. ಕ್ಯೂಗಳು ಬೆಳೆದದ್ದು ವದಂತಿಯಿಂದ, ಜನರ ಅವಸರದಿಂದ. ತಾಳ್ಮೆಯಿದ್ದವರಿಗೆ ಏನೂ ಆಗಲಿಲ್ಲ."

ಕೊನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ರತ್ನಸಿರಿಯೂ ಕೇಳಿರಲಿಲ್ಲ. ತಾನಾಗಿ ಬಂತು. ಬರೆಯುವವಳಿಗೆ ಇದೊಂದು ರೋಗ — ಸುಳ್ಳನ್ನೂ ಚೆಂದ ಮಾಡದೆ ಕೈ ನಿಲ್ಲುವುದಿಲ್ಲ. ಕಳಿಸಿದೆ.

ಮೇ 4, ಭಾನುವಾರ

ಬಂತು. ತಕ್ಕಡಿ ದೊಡ್ಡದಾಗಿ, ಬಣ್ಣದಲ್ಲಿ. ರತ್ನಸಿರಿ ಮೊಬೈಲಿಗೆ ತಾವರೆ ಹೂವಿನ ಚಿತ್ರ ಕಳಿಸಿದ್ದಾನೆ.

ವಿತಾನಗೆ ಸರ್ ಫೋನಿನಲ್ಲಿ ನಕ್ಕರು. "ಹಡಗು ಈಜ್ಕೊಂಡು ಈ ದಡಕ್ಕೆ ಬಂದ್ಬಿಡ್ತಲ್ಲಮ್ಮಾ!" ಅವರಿಗೆ ಗೊತ್ತು. ಗೊತ್ತಿದ್ದೂ ಹಾಕಿದರು. ಅದು ದಯೆಯೋ ಸೋಮಾರಿತನವೋ ತಿಳಿಯದು.

ಹೋಗಲಿ. ಅಮ್ಮನಿಗೋಸ್ಕರ.

ಮೇ 7, ಬುಧವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸೋಮಲತಾ ಹೇಳಿದ ಹೊತ್ತಿಗೆ ಬಂದಳು. ಗ್ರಾಮಾಧಿಕಾರಿ ಮೊಹರು ಒರೆಸಿ ಇಟ್ಟುಕೊಂಡಿದ್ದರು. ಅವಳು ಕುಳಿತುಕೊಳ್ಳಲಿಲ್ಲ.

"ತಾಳ್ಮೆ ಇದ್ದೋರಿಗೆ ಏನೂ ಆಗ್ಲಿಲ್ಲ ಅಂತ ಬರೆದಿದ್ದೀರಿ. ನಮ್ಮೋರಿಗೆ ಆಯ್ತಲ್ಲ ನೋನಾ. ಹಾಗಾದ್ರೆ ತಾಳ್ಮೆ ಇಲ್ದೋರು ಇವ್ರಾ?"

"ಅಯ್ಯೋ, ಅದು ನಿನ್ನ ಗಂಡನ ಬಗ್ಗೆ ಬರೆದದ್ದಲ್ಲ ತಂಗಿ. ಅದು —"

"ಗೌರ್ಮೆಂಟಿಂದು ತಪ್ಪಿಲ್ಲ. ಹಡಗಿಂದು ತಪ್ಪಿಲ್ಲ. ಒಳ್ಳೇ ನಿರ್ಧಾರವಂತೆ. ಮತ್ತೆ ಉಳಿದೋನು ಯಾರು? ನಿಮ್ಮ ತಮ್ಮನೇ ಅಲ್ವಾ?"

ಕುರ್ಚಿಯನ್ನು ಅವಳ ಕಡೆ ಎಳೆದೆ. ಅವಳು ಮುಟ್ಟಲಿಲ್ಲ.

"ಇಷ್ಟು ದಿನ ಅವನ ಮೇಲೆ ಸಿಟ್ಟಿಲ್ದೆ ಬದುಕ್ತಿದ್ದೆ. ಹೇಗೆ ಸಿಟ್ಟು ಮಾಡ್ಕೋಬೇಕು ಅಂತ ನೀವೇ ಕಲಿಸಿಕೊಟ್ರಿ."

ಗ್ರಾಮಾಧಿಕಾರಿಯ ಕಡೆ ತಿರುಗಿದಳು. "ಬಿಡಬೇಡಿ ಅಂತ ಬರ್ಕೊಳ್ಳಿ ಸರ್." ಸಹಿ ಹಾಕಿದಳು. ಹೋಗುವಾಗ ನನಗೆ ಕೈ ಮುಗಿದಳು! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇ 8

ತಿದ್ದುಪಡಿ ಹಾಕಿ ಎಂದು ಬೇಡಿಕೊಂಡೆ. ನಿಜವಾದ ಲೇಖನ ಬರೆದೇ ಒಯ್ದಿದ್ದೆ. ವಿತಾನಗೆ ಸರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಒಂದೇ ಹಡಗನ್ನ ಈ ವಾರ ಆ ದಡ, ಆ ವಾರ ಈ ದಡ ನಿಲ್ಲಿಸಿದ್ರೆ ಓದೋರು ಏನಂತಾರೆ? ವೆಸಾಕ್ ಕಳೀಲಿ, ನೋಡೋಣ."

ವೆಸಾಕ್ ಕಳೆದ ಮೇಲೆ ನನಗೇಕೆ?

ರಾಗಮಕ್ಕೂ ಓಡಿದೆ. ಯಂತ್ರದ ಸದ್ದು ಒಳಗೆ ಕೇಳುತ್ತಿತ್ತು. ಬಾಗಿಲು ತೆರೆಯಲಿಲ್ಲ. ರತ್ನಸಿರಿ ಎಷ್ಟೋ ಸಲ ಕಟ್ ಮಾಡಿ ಕೊನೆಗೆ ಎತ್ತಿದ. "ತಕರಾರು ಬಂದಿದೆಯಲ್ಲ ಮಿಸ್, ನಮ್ಮ ಕೈಲಿ ಏನಿದೆ? ಲೇಖನ ಮಾತ್ರ ಫಸ್ಟ್ ಕ್ಲಾಸ್."

ಮೇ 16, ಶುಕ್ರವಾರ

ಬರೆಯುವ ಮನಸ್ಸಿರಲಿಲ್ಲ ಇಷ್ಟು ದಿನ.

ಪಟ್ಟಿ ಹೊರಬಿತ್ತು. ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ಇಲ್ಲ.

ಅಮ್ಮನಿಗೆ ಹೇಳಿಲ್ಲ. ಜನಿತನ ಅಂಗಿಗಳನ್ನು ಬಿಸಿಲಿಗೆ ಹಾಕಿಸಿದ್ದಾಳೆ. "ಅವನು ತೆಳ್ಳಗಾಗಿರ್ತಾನೆ, ಹೊಲಿಗೆ ಒಳಗೆ ಹಿಡೀಬೇಕೇನೋ" ಅನ್ನುತ್ತಾಳೆ.

ನಾಳೆ ಹಬ್ಬ. ಜೈಲಿನಲ್ಲಿ ಮನೆಯ ಊಟ ಒಯ್ದು ಎದುರು ಕುಳಿತು ಮಾತಾಡಲು ಬಿಡುತ್ತಾರೆ.

ಮೇ 17, ವೆಸಾಕ್

ತೆಂಗಿನ ಹಾಲಿನ ಅನ್ನ, ಈರುಳ್ಳಿ ಖಾರ ಒಯ್ದಿದ್ದೆ. ಗೇಟಿನಲ್ಲಿ ಬಿಡುಗಡೆಯಾದವರನ್ನು ಅಪ್ಪಿಕೊಂಡು ಅಳುವವರ ನಡುವೆಯೇ ನುಸುಳಿ ಒಳಗೆ ಹೋಗಬೇಕಾಯಿತು.

ಅವನು ತೆಳ್ಳಗಾಗಿಲ್ಲ. ಕೂದಲು ನರೆತಿದೆ. ಒಂದು ತುತ್ತು ತಿಂದು ಕೈ ತಡೆದ.

"ಹೆಸರಿಲ್ಲ ಅಂತ ಗೊತ್ತಾಯ್ತು ಅಕ್ಕಾ. ಅದಕ್ಕಲ್ಲ ಬೇಜಾರು. ನಿನ್ನ ಲೇಖನ ಓದ್ದೆ."

ಅನ್ನದ ಪಕ್ಕ ಇನ್ನಷ್ಟು ಖಾರ ಬಡಿಸಿದೆ.

"ದಿನಾ ಎದ್ದ ತಕ್ಷಣ ನಂಗೆ ನಾನೇ ಹೇಳ್ಕೋತಿದ್ದೆ. ಕೊಂದದ್ದು ನಾನಲ್ಲ, ಆ ದಿನಗಳು ಅಂತ. ನೀನೇ ಕೋರ್ಟಲ್ಲಿ ನಿಂತು ಹೇಳಿದ ಮಾತು. ಅದನ್ನ ಹಿಡ್ಕೊಂಡೇ ಹಲ್ಲುಜ್ತಿದ್ದೆ, ಉಣ್ತಿದ್ದೆ. ಈಗ ಪೇಪರಲ್ಲಿ ಬೇರೆ ಬರೆದಿದ್ದೀಯ. ಯಾವ್ದು ನಿಜ?"

"ಪೇಪರಿನದು ಸುಳ್ಳು ಕಣೋ! ನಿನ್ನನ್ನ ಬಿಡಿಸೋಕೆ ಬರೆದ ಸುಳ್ಳು. ನಿನ್ನಾಣೆ!"

ಅನ್ನದ ಡಬ್ಬಿಗೆ ಮುಚ್ಚಳ ಹಾಕಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ.

"ನನ್ನ ಬಿಡಿಸೋಕೆ ಇವತ್ತು ಸುಳ್ಳು ಬರೆದೋಳು, ಅವತ್ತು ಕೋರ್ಟಲ್ಲೂ ನನ್ನ ಬಿಡಿಸೋಕೇ ಹೇಳಿರ್ತೀಯ ಬಿಡು."

ಗಂಟೆ ಹೊಡೆಯಿತು. ಎದ್ದು ಹೋದ.

ಸಂಜೆ

ಅಮ್ಮ ಒಳಗಿನಿಂದ ಕೂಗುತ್ತಿದ್ದಾಳೆ. "ಶ್ರಿಯಾನೀ, ಎಷ್ಟು ಹೊತ್ತಿಗೆ ಬರ್ತಾನಂತೆ?" ಮೂರನೇ ಸಲ. ಎದ್ದು ಹೋಗಬೇಕು. ನಿಜ ಹೇಳಿದರೆ ಈ ರಾತ್ರಿಯೇ ಅಮ್ಮ... ಇನ್ನೊಂದು ಸುಳ್ಳು ಹೇಳಿದರೆ —