ಉಡಿಯ ಅಕ್ಕಿಗೆ ಕಾರ್ಡು ಬೇಡ

ಫುಲ್‌ಶೀರ್
12-2-2026, ಗುರುವಾರ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುವ ಇಂಚರಾಗೆ ಸುಶೀಲಜ್ಜಿಯ ಆಶೀರ್ವಾದ. ಮೊದಲು ಅದನ್ನು ತಗೋ, ಆಮೇಲೆ ಬೈಸಿಕೋ.

ಫೋನ್ ಮಾಡಿದರೆ ಎತ್ತುವುದಿಲ್ಲ. ಭಾನುವಾರ ಊಟಕ್ಕೆ ಬರುವುದನ್ನೂ ಬಿಟ್ಟೆ. ಅದಕ್ಕೇ ಮೊಮ್ಮಗನ ಪ್ರಿಂಟರಿನಿಂದ ಹಾಳೆ ಎಳೆದುಕೊಂಡು ಕೂತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ. ತಿಳಿಯದಿದ್ದರೆ ಎರಡು ಸಲ ಓದು.

ನಿನ್ನ ಮೇಲೆ ನನಗೆ ಅನುಮಾನ ಬಂದದ್ದು ಸಂಕ್ರಾಂತಿಯ ಊಟಕ್ಕೆ ಬಂದಿದ್ದಾಗ. ತಲೆ ಬಾಚಲು ಕೂತರೆ ಕೂದಲಲ್ಲಿ ಕರಿದ ಎಣ್ಣೆಯ ವಾಸನೆ, ಮಣಿಕಟ್ಟಿನ ಮೇಲೆ ಸುಟ್ಟ ಬೊಬ್ಬೆ. ಏನವಾ ಇದು ಅಂದರೆ, ರೂಮಿನ್ಯಾಗ ಪೂರಿ ಮಾಡಿದ್ದೆ ಅಜ್ಜಿ ಅಂದೆ. ಅನ್ನಕ್ಕಿಡಲು ಬೇಜಾರೆಂದು ಬ್ರೆಡ್ ತಿನ್ನುವವಳು ಪೂರಿ ಕರಿಯುತ್ತಾಳೆಯೇ? ಯಾವನೋ ಹುಡುಗನಿಗೆ ಬೇಯಿಸಿ ಹಾಕುತ್ತಿದ್ದೀ ಅಂದುಕೊಂಡೆ. ಹಾಗಿದ್ದರೆ ಎಷ್ಟೋ ವಾಸಿಯಿತ್ತು.

ಬದನೆಕಾಯಿ ಬೇಕೆಂದು ಹಟ ಹಿಡಿದು ಸೊಸೆ ಹರ್ಷಿಣಿಯಿಂದ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ಬೀದಿಗೆ ಡ್ರೈವ್ ಮಾಡಿಸಿದೆ. ಬದನೆಕಾಯಿ ಬರೀ ನೆಪ. ಆ ವಾಸನೆ ಒಂದು ಬಾಣಲೆಯದಲ್ಲ, ಅಂಗಡಿಯದು ಎಂದು ಆಮೇಲೆ ಹೊಳೆದಿತ್ತು. ಒಂದೊಂದು ಅಂಗಡಿಯನ್ನೂ ಇಣುಕಿದೆ. ವೆಂಕಟಗಿರಿಯ ಸಿಹಿತಿಂಡಿ ಅಂಗಡಿಯಲ್ಲಿ ನೀನು ಸಿಕ್ಕೆ, ತಲೆಗೆ ಬಲೆ ಕಟ್ಟಿಕೊಂಡು ಜಿಲೇಬಿ ತೂಗುತ್ತ. ಹರ್ಷಿಣಿ ಪಾಪ, ಖುಷಿಯಿಂದ ಹಾಯ್ ಅಂದಳು. ನಾನು ಬಾಯಿ ಮುಚ್ಚಿಕೊಂಡು ಕಾರು ಹತ್ತಿದೆ.

ನಿನ್ನ ಅಪ್ಪನಿಗೆ ಲಕ್ವಾ ಹೊಡೆದು ಧಾರವಾಡದಲ್ಲಿ ನಮ್ಮ ಓಣಿಯಲ್ಲಿದ್ದ ಅವನ ಹಿಟ್ಟಿನ ಗಿರಣಿ ನಿಂತದ್ದು ನನಗೆ ಗೊತ್ತಿಲ್ಲವೇ? ಅವನ ತಕ್ಕಡಿಯ ಮೇಲೂ ನನಗೆ ಅನುಮಾನವಿತ್ತು, ಅವನ ಕಷ್ಟದ ಮೇಲೆ ಇಲ್ಲ. ಓದಲೆಂದು ಈ ದೇಶಕ್ಕೆ ಬಂದ ನಿನ್ನನ್ನು ಕಾಲೇಜಿನ ಆಫೀಸಿನವರೂ ನಂಬಿ, ಈ ಹುಡುಗಿಗೆ ನಿಜವಾಗಿ ಕಷ್ಟವಿದೆ, ಕಾಲೇಜಿನ ಹೊರಗೆ ದುಡಿಯಲು ಬಿಡಿ ಎಂದು ಸರಕಾರಕ್ಕೆ ಬರೆದುಕೊಟ್ಟರು. ಸರಕಾರದ ಕೆಲಸದ ಪರವಾನಗಿ ಕಾರ್ಡು ಕೈಗೆ ಬರೂತನಕ ದುಡಿಯೂ ಹಂಗಿಲ್ಲ ಅಜ್ಜಿ, ಸಿಕ್ಕಿಬಿದ್ದರ ಅರ್ಜೀನೂ ಹೋತು, ಓದೂ ಹೋತು, ಗಂಟು ಕಟ್ಟಿಕೊಂಡು ಊರಿಗೆ ಹೋಗೂದ ಎಂದು ನನಗೆ ಹೇಳಿದವಳು ನೀನೇ. ಹೇಳಿ ಹೋಗಿ ಕೌಂಟರಿನ ಹಿಂದೆ ನಿಂತೆ! ಕೈಗೆ ನಗದು ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆಯಾ? ಈ ಮುದುಕಿ ಕೂದಲು ಮೂಸಿ ಕಂಡುಹಿಡಿದದ್ದನ್ನು ಸರಕಾರ ಕಂಡುಹಿಡಿಯುವುದಿಲ್ಲವೇ?

ಮರುದಿನವೇ ವೆಂಕಟಗಿರಿ ನಿನ್ನನ್ನು ಕೆಲಸದಿಂದ ಬಿಡಿಸಿದನಂತೆ. ಅಂದಿನಿಂದ, ಯಾರು ಚಾಡಿ ಹೇಳಿದರು ಎಂದು ಕಂಡಕಂಡವರನ್ನೆಲ್ಲ ಕೇಳುತ್ತಿದ್ದೀಯಂತೆ. ಅವಳೇ ಇರಬೇಕೆಂದು ಹರ್ಷಿಣಿಗೆ ‘ಥ್ಯಾಂಕ್ಸ್ ಆಂಟಿ’ ಎಂದಷ್ಟೇ ಮೆಸೇಜ್ ಹಾಕಿದ್ದೀ. ತಾನು ಏನು ಮಾಡಿದೆನೆಂದು ಗೊತ್ತಿಲ್ಲದೆ ಅವಳು ಅತ್ತಳು.

ಈಗ ಏನು ತಿನ್ನುತ್ತಿದ್ದೀ? ಸುಳ್ಳು ಹೇಳಬೇಡ, ನಿನ್ನ ಸುಳ್ಳು ನನಗೆ ಗೊತ್ತಾಗುತ್ತದೆ. ಮಗ ಉಲ್ಲಾಸ ದುಡ್ಡು ಕೊಡಬಂದರೆ, ಧರ್ಮದ ದುಡ್ಡು ಬ್ಯಾಡ್ರಿ ಅಂಕಲ್ ಅಂದೆಯಂತೆ. ಸರಿ, ದುಡ್ಡು ಬೇಡ. ಈ ಕಾಗದದ ಜೊತೆ ಅವನ ಕೈಯಲ್ಲೇ ಉಡಿ ಕಳಿಸಿದ್ದೇನೆ: ಅಕ್ಕಿ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ಒಂದು ಕುಪ್ಪಸದ ಖಣ. ಮದುವಿ ಆಗದಾಕಿಗೆ ಇಷ್ಟ ದೊಡ್ಡ ಉಡಿ ಯಾಕ್ರಿ ಅತ್ತಿ ಎಂದು ಹರ್ಷಿಣಿ ಕೇಳಿದಳು. ಸುಮ್ಮನಿರು, ಚೀಲ ಹಿಡಿ ಅಂದೆ. ಮನೆಮಗಳಿಗೆ ಉಡಿ ತುಂಬುವುದು ಧರ್ಮವೂ ಅಲ್ಲ, ಕೂಲಿಯೂ ಅಲ್ಲ. ಅದಕ್ಕೆ ಯಾವ ದೇಶದ ಕಾರ್ಡೂ ಬೇಡ. ವಾಪಸ್ ಕಳಿಸಿದರೆ ನಾನೇ ಹೊತ್ತು ತಂದು ನಿನ್ನ ಬಾಗಿಲಲ್ಲಿ ಕೂರುತ್ತೇನೆ.

ಭಾನುವಾರ ಬಾ. ಆದರೆ ಊಟವಾದ ಮೇಲೆ ಒಂದು ಪಾತ್ರೆ ಮುಟ್ಟಿದರೂ ಕೈ ಮೇಲೆ ಬಾರಿಸುತ್ತೇನೆ. ನೀನು ತೊಳೆದು, ನಾನು ಅಕ್ಕಿ ಕೊಟ್ಟು, ಅದನ್ನು ಯಾರೋ ಕೂಲಿ ಅಂದು, ಆ ಫಜೀತಿ ಬೇಡ.

ಯಾರನ್ನೂ ನಂಬದ ನಿನ್ನ
ಸುಶೀಲಜ್ಜಿ

ತಾ.ಕ.: ಬಾಯಿ ಮುಚ್ಚಿಕೊಂಡು ಕಾರು ಹತ್ತಿದೆ ಎಂದು ಬರೆದದ್ದು ಸುಳ್ಳು. ಪರ್ಸ್ ಮರೆತೆನೆಂದು ಹರ್ಷಿಣಿಯನ್ನು ಕಾರಿನಲ್ಲಿ ಕೂರಿಸಿ ಒಳಗೆ ಹೋದೆ. ಅಷ್ಟರಲ್ಲಿ ನೀನು ಹಿಂದಿನ ಅಡಿಗೆಮನೆಗೆ ಹೋಗಿದ್ದೆ. ನಾಳಿಂದ ಆ ಹುಡುಗಿ ಇಲ್ಲಿ ಕಂಡಳೋ, ಕಚೇರಿಗೆ ಫೋನ್ ಮಾಡ್ತೀನಿ ಎಂದು ವೆಂಕಟಗಿರಿಯನ್ನು ಹೆದರಿಸಿದೆ. ಯಾವ ಕಚೇರಿ, ಯಾವ ನಂಬರು, ನನಗೇನು ಗೊತ್ತು? ಅವನ ಮುಖ ಮಾತ್ರ ಬಿಳಿಚಿತು. ಹರ್ಷಿಣಿಗೆ ಸಾರಿ ಹೇಳು. ಕಾರ್ಡು ಬಂದರೆ ನಾನೇ ಕೆಲಸ ಕೊಡ್ತೀನ್ರಿ ಅಂದಿದ್ದಾನೆ ವೆಂಕಟಗಿರಿ. ಅವನ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ, ಆ ದಿನ ನಿನ್ನ ಜೊತೆ ನಾನೂ ಬರುತ್ತೇನೆ. ಮೊದಲ ಗಿರಾಕಿ ನಾನು. ಕಾಲು ಕಿಲೋ ಜಿಲೇಬಿ ತೂಗಿಕೊಡು. ತಕ್ಕಡಿಯ ಮುಳ್ಳು ನೋಡುತ್ತಿರುತ್ತೇನೆ, ನಿಮ್ಮಪ್ಪನ ಮಗಳು ನೀನು.