ಬೇಕೆಂದೇ ಮರೆತ ಎರಡು ಶಬ್ದ

ತಮ್ಮಾ ಯತೀಶಾ,

ನೀನು ಹೋಗಿ ಎರಡು ವರ್ಷವಾಯಿತು. ನಾನಿನ್ನೂ ಅತ್ತಿಲ್ಲ. ಜಂಭಕ್ಕೆ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದೆ. ಇಲ್ಲೇ ಬಹ್ರೈನಿನಲ್ಲಿ ನಿನ್ನನ್ನು ಸುಟ್ಟೆವು. ಇಲ್ಲಿ ವಾರ ಶುರುವಾಗುವ ಭಾನುವಾರ ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸಿಗೆ ಹೋಗಿ ಎಂದಿನಂತೆ ಫೈಲು ಜೋಡಿಸಿದೆ. ಮಂಗಳೂರಿನಲ್ಲಿ ಬೀಡಿ ಕಟ್ಟುವ ಹೆಂಗಸರ ಮೆರವಣಿಗೆಯ ಮುಂದೆ ನಿಂತು ಕೂಗಿದ ಗಂಟಲು ಇದು. ನಿನ್ನ ಹೆಣದ ಮುಂದೆ ಒಂದು ಸದ್ದೂ ಹೊರಡಲಿಲ್ಲ. ಇವತ್ತೂ ಅಳಲಿಕ್ಕೆ ಕೂತದ್ದಲ್ಲ. ನಿನ್ನ ಮಗಳ ವಿಷಯ ಹೇಳುವುದಿದೆ.

ಅಪ್ಪ ಅಮ್ಮ ನಿನ್ನನ್ನು ಎತ್ತಿಕೊಂಡು ಈ ದ್ವೀಪಕ್ಕೆ ಬಂದಾಗ ನಿನಗೆ ಆರು ವರ್ಷ. ಶಾಲೆ ಮುಗಿಯಲಿ ಎಂದು ನನ್ನನ್ನು ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು. ಅಪ್ಪನಿಗೆ ಸ್ಕೇಟಿಂಗ್ ರಿಂಕಿನಲ್ಲಿ ಕೆಲಸ, ಐಸ್ ಕೆರೆದು ನೀರು ಹಾಯಿಸಿ ನುಣುಪು ಮಾಡುವ ಯಂತ್ರ ಓಡಿಸುವುದು. ಹೊರಗೆ ಕಾದ ಕಾವಲಿಯಂಥ ಬಿಸಿಲು, ಒಳಗೆ ಅಪ್ಪ ಸ್ವೆಟರ್ ಹಾಕಿಕೊಂಡು ದುಡಿಯುತ್ತಿದ್ದ. ಆ ಐಸಿನ ಮೇಲೆ ಯಾರದೋ ಹಳೆಯ ಸ್ಕೇಟು ಕಟ್ಟಿಕೊಂಡು ನೀನು ಬೆಳೆದೆ. ಇಪ್ಪತ್ತೆರಡಕ್ಕೆ ಯುರೋಪಿನ ಒಂದು ಸಣ್ಣ ಊರಿನ ತಂಡ ನಿನಗೆ ಸಂಬಳ ಕೊಟ್ಟು ಕರೆಯಿತು. ಐಸ್ ಹಾಕಿ, ಡಿಫೆನ್ಸ್‌ಮನ್. ಹಾಗೆಂದರೆ ಏನು ಎಂದು ಫೋನಿನಲ್ಲಿ ಕೇಳಿದ್ದೆ, ನೆನಪಿದೆಯಾ? "ಗೋಲಿಗೆ ಬರುವ ಪಕ್‌ಗೆ ಮೈ ಅಡ್ಡ ಕೊಡುವುದು ಅಕ್ಕ. ಗಟ್ಟಿ ರಬ್ಬರಿನ ಬಿಲ್ಲೆ ಅದು. ಬಡಿದ್ರೆ ನಾನು ಗೆದ್ದ ಹಾಗೆ" ಎಂದಿದ್ದೆ. ಒಂಬತ್ತು ಸೀಸನ್ ಮೈ ಅಡ್ಡ ಕೊಟ್ಟೆ. ಗೋಲು ಹೊಡೆದವರ ಫೋಟೋ ಬರುತ್ತಿತ್ತು. ನಿನ್ನದು, ನಾಲ್ಕು ಹಲ್ಲು ಹೋದ ದಿನ ಒಮ್ಮೆ ಬಂದಿತ್ತು.

ಮೂರನೆಯ ಸೀಸನ್ನಿಗೆ ಮೊದಲು ನೀನು ನಗುತ್ತಾ ಮಾಡಿದ ಫೋನು. ಅದನ್ನು ಈಗಲೂ ಒಂದಕ್ಷರ ಬಿಡದೆ ಹೇಳಬಲ್ಲೆ.

"ಡಾಕ್ಟ್ರು ಐದು ಶಬ್ದ ಹೇಳ್ತಾನೆ ಅಕ್ಕ. ಸೇಬು, ಕುರ್ಚಿ, ಹಾಲು, ರಸ್ತೆ, ಗಡಿಯಾರ. ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಹೇಳ್ಬೇಕು. ನಾನು ಮೂರೇ ಹೇಳಿದ್ದು."

"ಎಂತಕ್ಕೆ? ಸಣ್ಣದಿರುವಾಗ ಮಗ್ಗಿ ಮರೀತಿದ್ದೆಯಲ್ಲ, ಹಾಗಾ?"

"ಅಲ್ಲ ಮಾರಾಯ್ತಿ, ಬೇಕಂತ್ಲೇ. ಇವತ್ತು ಐದೂ ಹೇಳಿದ್ರೆ, ನಾಳೆ ಮಂಡೆಗೆ ಪೆಟ್ಟು ಬಿದ್ದ ಮೇಲೂ ಐದು ಹೇಳ್ಬೇಕಾಗ್ತದೆ. ಹೇಳದಿದ್ರೆ ಹೊರಗೆ ಕೂರಿಸ್ತಾರೆ. ಒಮ್ಮೆ ಹೊರಗೆ ಕೂತ್ರೆ ನನ್ನ ಜಾಗ ಬೇರೆಯವನಿಗೆ. ಮೂರು ಹೇಳಿದ್ರೆ ಮೂರೇ ಸಾಕು. ಇಲ್ಲಿ ಎಲ್ಲರೂ ಹಾಗೇ ಮಾಡುವುದು."

"ಭೇಷ್! ಮಾಲೀಕನ ಮಂಡೆಗೇ ಟೊಪ್ಪಿ ಹಾಕಿದೆ ನೀನು!"

ಹೀಗೆಂದು ನಾನು ನಕ್ಕೆ. ನಕ್ಕು ಸುಮ್ಮನಿರಲಿಲ್ಲ. ನಮ್ಮ ಸಂಘಟನೆಯ ಮಾಸಪತ್ರಿಕೆಗೆ ಲೇಖನ ಬರೆದೆ. ದುಡಿಯುವವನ ಜಾಣತನ, ಧಣಿಯ ಅಳತೆಗೋಲಿಗೆ ಬಾಗದ ದೇಹ... ಎಂತೆಂಥಾ ಮಾತು! ಊರಿಡೀ ಹೊಗಳಿದರು. ಯಾರಿಗೆ ಮೋಸ ಮಾಡಿದ್ದೆವು ನಾವು? ಏಟು ತಿಂದ ಮರುದಿನವೇ ಆಳು ಐಸಿಗೆ ಇಳಿದರೆ ಲಾಭ ಯಾರಿಗೆ? ಶೋಷಣೆ ಶೋಷಣೆ ಎಂದು ಬಾಯಿ ಬಡಿದುಕೊಂಡವಳಿಗೆ ಇಷ್ಟು ಸಣ್ಣ ಲೆಕ್ಕ ತಿಳಿಯಲಿಲ್ಲ. ಮಾಲೀಕ ಕೇಳುವ ಮೊದಲೇ ನೀನು ನಿನ್ನ ತಲೆಯನ್ನು ಅವನಿಗೆ ಕೊಟ್ಟುಬಿಟ್ಟಿದ್ದೆ. ನಾನು ಚಪ್ಪಾಳೆ ತಟ್ಟಿದ್ದೆ.

ನೀನು ಆಟ ಬಿಟ್ಟು ಇಲ್ಲಿಗೆ ಮರಳಿ, ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದ ದಿನಗಳು. ಅಷ್ಟರಲ್ಲಿ ನಾನೂ ಮದುವೆಯಾಗಿ ಇಲ್ಲಿನ ಮುಹರ್ರಕ್‌ಗೆ ಬಂದಿದ್ದೆ. ಮನೆಯೊಳಗೂ ಕಪ್ಪು ಕನ್ನಡಕ ಹಾಕುತ್ತಿದ್ದೆ ನೀನು. ಮಿಕ್ಸಿ ತಿರುಗಿದರೆ ಎದ್ದು ಹೋಗುತ್ತಿದ್ದೆ. ಒಂದು ದಿನ ಜಿಂಜ್‌ನ ನಿನ್ನ ಮನೆಯಿಂದ ನನ್ನ ಮನೆಗೆ ಹೊರಟವನು, ದಿನಾ ಓಡಾಡುವ ಸೇತುವೆ ದಾಟಿ, ದಾರಿ ಬದಿಗೆ ಗಾಡಿ ನಿಲ್ಲಿಸಿ ಫೋನ್ ಮಾಡಿದೆ: "ಅಕ್ಕ, ನಾನೆಲ್ಲಿಗೆ ಹೊರಟದ್ದು?" ತಮಾಷೆ ಎಂದುಕೊಂಡೆ. ಮಿದುಳಿನಲ್ಲಿ ರಕ್ತನಾಳ ಒಡೆದು ನೀನು ಹೋದಾಗ, ಹಳೆಯ ಪೆಟ್ಟುಗಳಿಂದಲೇ ಹೀಗಾಯಿತೆಂದು ಹೇಳಲಾಗದು ಎಂದರು ಡಾಕ್ಟರು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ನನಗೆ ಬಯ್ಯಲೂ ಯಾರೂ ಸಿಗಲಿಲ್ಲ.

ನಿನಗೆ ಗೊತ್ತಿಲ್ಲದ ಸಂಗತಿ ಇನ್ನು ಮುಂದಿನದು. ನೀನು ಇರುವವರೆಗೆ ನಿನ್ನ ಮಗಳು ಸಾನ್ವಿ ಗೋಲು ಹೊಡೆಯುವ ಫಾರ್ವರ್ಡ್ ಜಾಗದಲ್ಲಿ ಆಡುತ್ತಿದ್ದಳಲ್ಲ, ನೀನು ಹೋದ ಮೇಲೆ ತಾನಾಗಿಯೇ ಡಿಫೆನ್ಸ್‌ಗೆ ಬಂದಳು. ಈಗ ಹದಿನೈದು. ಹೊರದೇಶದ ಪಂದ್ಯಾವಳಿಗೆ ಹೊರಟ ಹುಡುಗಿಯರ ತಂಡದಲ್ಲಿ ಅವಳ ಹೆಸರು ಬಂತು. ರೇಷ್ಮಾ ನರ್ಸಿಂಗ್ ಡ್ಯೂಟಿಯ ನಡುವೆಯೇ ಫೋನ್ ಮಾಡಿ ನಗುತ್ತಾ ಹೇಳಿದಳು. ನಿನ್ನ ಹೆಂಡತಿ ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಎರಡು ವರ್ಷವಾಗಿತ್ತು.

ಕಳೆದ ಶುಕ್ರವಾರ ಮಧ್ಯಾಹ್ನ ಪ್ರಾಕ್ಟೀಸ್ ಮುಗಿಸಿದ ಸಾನ್ವಿಯನ್ನು ನಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದೆ. ಆಡುವಾಗ ಯಾರೋ ದೂಡಿ, ತಲೆ ರಿಂಕಿನ ಸುತ್ತಲಿನ ಗೋಡೆಗೆ ಬಡಿದಿತ್ತು. ಎದ್ದು ನಕ್ಕಿದ್ದಳು. ಸೇತುವೆಯ ಮೇಲೆ ಕೇಳಿದಳು, "ಮಾಮಿ, ಲಂಚ್ ಆಯ್ತಾ ನಮ್ದು?" ಇಲ್ಲ, ಮನೆಯಲ್ಲಿ ಮೀನುಸಾರು ಉಂಟು ಎಂದೆ. ಎರಡು ನಿಮಿಷ ಕಳೆಯಲಿಲ್ಲ. "ಮಾಮಿ, ಲಂಚ್ ಆಯ್ತಾ?"

"ಫಿಸಿಯೋ ನೋಡಿದ್ನಾ ನಿನ್ನನ್ನು?"

"ನೋಡಿದ್ದಾಯ್ತು. ಪಾಸ್. ಚಿಲ್, ಮಾಮಿ."

"ಎಷ್ಟು ಶಬ್ದ ಹೇಳಿದಿ?"

"ತ್ರೀ. ಸೀಸನ್ ಸ್ಟಾರ್ಟಲ್ಲಿ ಕೂಡ ತ್ರೀಯೇ ಹೇಳಿದ್ದು. ಸೋ ಸೇಮ್!"

"ಯಾರು ಕಲಿಸಿದ್ದು ನಿನಗೆ ಇದನ್ನು?"

"ನೀವೇ ಅಲ್ವಾ? ಪಪ್ಪ ಬಾಸ್‌ಗೆ ಚೀಟ್ ಮಾಡಿದ್ದು, ನೀವು ಬರ್ದದ್ದು. ಅಮ್ಮ ಓದಿ ಹೇಳಿದ್ರು ನಂಗೆ. ಮೈ ಫೇವರಿಟ್ ಸ್ಟೋರಿ ಅದು."

ನೀನು ಹೋದ ಮೇಲೆ, ಕನ್ನಡ ಓದಲು ಬಾರದ ಮಗಳಿಗೆ ಅಪ್ಪನ ನೆನಪಿರಲಿ ಎಂದು ರೇಷ್ಮಾ ಆ ಲೇಖನವನ್ನು ಓದಿ ಹೇಳಿದ್ದಾಳೆ. ಅವಳನ್ನು ಏನೆಂದು ಬಯ್ಯಲಿ? ಬರೆದವಳು...

ಗಾಡಿ ಬದಿಗೆ ಹಾಕಿದೆ. ಮೊದಲು ರೇಷ್ಮಾಳಿಗೆ, ಆಮೇಲೆ ತಂಡದ ಕೋಚ್ ಜಾಸಿಮ್‌ಗೆ ಫೋನ್ ಹಚ್ಚಿದೆ. "ಬೇಡ ಮಾಮಿ, ಪ್ಲೀಸ್, ನನ್ನ ತೆಗೀತಾರೆ" ಎಂದು ಸಾನ್ವಿ ಕೈ ಹಿಡಿದಳು. ನಾನು ಹೇಳಿದೆ. ಎರಡು ಸಲ ಕೇಳಿದ ಲಂಚು, ಬೇಕೆಂದೇ ಬಿಟ್ಟ ಶಬ್ದಗಳು, ಎಲ್ಲ. ಜತೆಗಾರರ ಗುಟ್ಟನ್ನು ಗುತ್ತಿಗೆದಾರನಿಗೆ ಮುಟ್ಟಿಸಿದವರನ್ನು ನಾವು ಸಂಘಟನೆಯಲ್ಲಿ ಮತ್ತೆ ಹತ್ತಿರ ಸೇರಿಸುತ್ತಿರಲಿಲ್ಲ. ಅದೇ ಕೆಲಸ ಮಾಡಿದೆ. ಜಾಸಿಮ್ "ಖಲಾಸ್. ಲಡ್ಕಿ ನಹೀ ಖೇಲೇಗೀ", ಮುಗಿಯಿತು, ಹುಡುಗಿ ಆಡುವುದಿಲ್ಲ, ಎಂದು ಫೋನ್ ಇಟ್ಟ. ಸಾನ್ವಿ ಕಿಟಕಿಯ ಕಡೆ ತಿರುಗಿ, "ಸ್ನಿಚ್" ಎಂದಳು. ಚಾಡಿಕೋರಿ. ಸರಿಯಾದ ಶಬ್ದವೇ.

ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಆದರೂ ಪೂರ್ತಿ ವಿಶ್ರಾಂತಿ ಬೇಕೆಂದಿದ್ದಾರೆ. ಪತ್ರಿಕೆಗೆ ಬರೆದು ಕಳಿಸಿದ್ದೇನೆ: ಆ ಲೇಖನ ತಪ್ಪು, ಬರೆದವಳು ನಾನೇ, ಮೊದಲ ಪುಟದಲ್ಲಿ ಹಾಕಿ ಎಂದು. ಹಾಕುತ್ತಾರೋ ಇಲ್ಲವೋ. ನಿನ್ನೆ ಅವಳ ತಂಡ ವಿಮಾನ ಹತ್ತಿತು. ಇವಳು ಕೋಣೆಯ ಪರದೆ ಎಳೆದು ಮಲಗಿದ್ದಾಳೆ, ಏಳುತ್ತಾಳೆ, ತಿನ್ನುತ್ತಾಳೆ, ನನ್ನ ಫೋನ್ ತೆಗೆಯುವುದಿಲ್ಲ. ದೊಡ್ಡವಳಾಗಿ ಕ್ಷಮಿಸುತ್ತಾಳೆ ಎಂದು ರೇಷ್ಮಾ ಸಮಾಧಾನ ಹೇಳುತ್ತಾಳೆ. ಕ್ಷಮಿಸದೆಯೂ ಇರಬಹುದು. ದೊಡ್ಡವಳಾಗಲಿ, ಅಷ್ಟು ಸಾಕು.

ನಿನ್ನ ಮಗಳು ಈ ಸಲ ಆಡುವುದಿಲ್ಲ, ಯತೀಶಾ. ಇದು ನಾನು ಮಾಡಿದ್ದು.

ನಿನ್ನ ಅಕ್ಕ