ಕೆಂಡಕ್ಕೆ ಹೆದರದ ಕಾಲು

೧೨-೨-೧೯೬೧, ಕಾಣಿಯೂರು

ಉಪನಯನದ ಅಡಿಗೆ. ಹೋಳಿಗೆ ಭರ್ಜರಿ. ಪಾಯಸಕ್ಕೆ ಬೆಲ್ಲ ಹಾಕುವ ಹೊತ್ತಿಗೆ ಸೀದ ವಾಸನೆ! ಯಜ್ಞೇಶ್ವರನಿಗೆ ಸರಿಯಾಗಿ ಬೈದೆ. ನನ್ನ ಕೈಕೆಳಗೇ ಸೌಟು ಹಿಡಿಯಲು ಕಲಿತವನು.

"ಎಂತ, ನಿದ್ದೆಯಾ ನಿಂಗೆ? ಅಡಿ ಹಿಡೀತಾ ಉಂಟು!"

ಅವನು ಪಾಯಸ ನೋಡಲಿಲ್ಲ, ನನ್ನ ಕಾಲು ನೋಡಿದ. "ಭಟ್ರೇ, ನೀವು ಕೆಂಡದ ಮೇಲೆ ನಿಂತಿದ್ದೀರಿ ಮಾರಾಯ್ರೆ!"

ನೋವೇ ಇಲ್ಲ. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಕಾಲು, ಬೆಂಕಿಯೇ ಹೆದರಬೇಕು. ಬಡಿಸುವವರೆಲ್ಲ "ಭಟ್ರ ಕಾಲಿಗೆ ನಮಸ್ಕಾರ" ಎಂದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

೧೯-೨

ಹೆಬ್ಬೆರಳ ಬುಡದಲ್ಲಿ ಹುಣ್ಣು. ತೆಂಗಿನೆಣ್ಣೆ ಹಚ್ಚಿದೆ. ಗೋದಾವರಿ ಕೇಳಿದಳು, "ನೋವುಂಟಾ?" ಇಲ್ಲ ಎಂದೆ. "ಹಾಗಾದ್ರೆ ಗುಣ ಆಗ್ತದೆ." ಗಂಡ ಹೆಂಡತಿ ಇಬ್ಬರದೂ ಒಂದೇ ಬುದ್ಧಿ.

ಮಗಳು ವಸುಮತಿ ಮಾತ್ರ ಒಪ್ಪಲಿಲ್ಲ. ಅವಳಿಗೆ ನನ್ನದೇ ಮೂಗು. "ಅಪ್ಪ, ಕಾಲು ನಾರ್ತಾ ಉಂಟು. ನಾಳೆ ಪುತ್ತೂರಿಗೆ ಹೋಗುದೇ."

ಮೇ ತಿಂಗಳಲ್ಲಿ ಅವಳ ಮದುವೆ, ಐವರ್ನಾಡಿನ ಕೃಷ್ಣಮೋಹನನ ಜೊತೆ. ಅಡಿಗೆ ನಾನೇ ಎಂದು ಊರಿಗೆಲ್ಲ ಸಾರಿಯಾಗಿದೆ. ಈಗ ಡಾಕ್ಟರಿಗೆ ಪುರುಸೊತ್ತು ಎಲ್ಲಿ...

೨೦-೨, ಪುತ್ತೂರು

ಉದಯಶಂಕರ ಡಾಕ್ಟರು ನನ್ನ ಮೂತ್ರವನ್ನು ನೀಲಿ ಮದ್ದಿಗೆ ಹಾಕಿ ಕಾಯಿಸಿದರು. ಇಟ್ಟಿಗೆ ಬಣ್ಣಕ್ಕೆ ತಿರುಗಿತು. "ಪಾಕ ಬಂತಾ ಡಾಕ್ಟ್ರೇ?" ಎಂದೆ. ನಗಲಿಲ್ಲ.

"ಸಕ್ಕರೆ ಕಾಯಿಲೆ. ಎಷ್ಟು ವರ್ಷದಿಂದ ಉಂಟೋ! ಕಾಲಿನ ನರ ಹೋಗಿದೆ, ಅದಕ್ಕೇ ಬೆಂಕಿ ಗೊತ್ತಾಗ್ಲಿಲ್ಲ. ಬರಿಗಾಲು, ಬೀಡಿ, ಮೇಲಿಂದ ಈ ಹುಣ್ಣು. ಇನ್ನೆಂತ ಬಾಕಿ ಉಂಟು ಭಟ್ರೇ?"

ಬೀಡಿಯ ವಿಷಯ ಗೋದಾವರಿಯ ಎದುರೇ ಹೇಳಬೇಕೆ! ಅವಳು ನೋಡಿದ ನೋಟ...

ಆಮೇಲೆ ನಗು ಹೋಯಿತು. ಹುಣ್ಣಿನ ಸುತ್ತ ಕಪ್ಪಾಗಿದೆ, ಅದು ಮೇಲೆ ಏರಿದರೆ ಕಾಲು ಕಡಿಯಬೇಕಂತೆ. ಮೊಣಕಾಲಿನ ಕೆಳಗೆ. ಹೆದರಿಕೆಯಾಯಿತು, ದೇವರೇ. ತುಂಬ ಹೆದರಿಕೆಯಾಯಿತು. ಇವತ್ತೇ ಅಡ್ಮಿಟ್.

೩-೩, ವಾರ್ಡು

ಪೆನಿಸಿಲಿನ್ ಸೂಜಿ ಒಂದು ಕಡೆ, ಇನ್ಸುಲಿನ್ ಸೂಜಿ ಇನ್ನೊಂದು ಕಡೆ. ಕುಳಿತುಕೊಳ್ಳಲು ಜಾಗ ಉಳಿದಿಲ್ಲ. ಊಟಕ್ಕೆ ಹಾಗಲಕಾಯಿ. ಒಗ್ಗರಣೆ ಎಂಬುದು ಇಲ್ಲಿಯವರಿಗೆ ಪರಿಚಯವೇ ಇಲ್ಲ.

ಪಟ್ಟಿ ಬಿಚ್ಚುವಾಗ ನಾನು ಗೋಡೆ ನೋಡುತ್ತೇನೆ. ವಸುಮತಿ ಕಾಲು ನೋಡುತ್ತಾಳೆ. ದಿನಾ ಕೇಳುತ್ತೇನೆ, "ಏರಿದೆಯಾ?" "ಇಲ್ಲ ಅಪ್ಪ." ಮದುಮಗಳಾಗುವ ಹುಡುಗಿಗೆ ಎಂಥ ಕೆಲಸ.

೧೧-೩

ಕಡಿಯುವುದಿಲ್ಲ! ಕಡಿಯುವುದಿಲ್ಲ!

ಕಪ್ಪು ಕಳಚಿ ಕೆಂಪು ಮಾಂಸ ಬಂದಿದೆ. ಇಂದು ನಾನೂ ನೋಡಿದೆ. ಡಾಕ್ಟರು ನಕ್ಕದ್ದೂ ಇಂದೇ. "ಬೀಡಿ ಇಲ್ಲ, ಸಿಹಿ ಇಲ್ಲ, ಬರಿಗಾಲು ಇಲ್ಲವೇ ಇಲ್ಲ. ದಿನಾ ಸಂಜೆ ಅಂಗಾಲು ಯಾರಾದ್ರೂ ನೋಡ್ಬೇಕು. ನೋವನ್ನು ನಂಬಬೇಡಿ, ಕಣ್ಣನ್ನು ನಂಬಿ."

ನರ್ಸಮ್ಮಂದಿರಿಗೆ ಜಿಲೇಬಿ ತರಿಸಿದೆ. ನನಗೆ ವಾಸನೆ ಮಾತ್ರ. ಅಳು ಬಂತು. ಜಿಲೇಬಿಗಲ್ಲ.

೩-೫, ಮನೆ

ಹುಣ್ಣು ಪೂರಾ ಮುಚ್ಚಿದೆ. ನಾಳೆ ಮದುವೆ. ಅಡಿಗೆ ಕೊಟ್ಟಗೆಯ ಬಾಗಿಲಲ್ಲಿ ದೊಡ್ಡ ಗಲಾಟೆ. ನನ್ನ ಕಾಲಲ್ಲಿ ಚಪ್ಪಲಿ ಕಂಡು ಪರಮೇಶ್ವರಿ ಅತ್ತೆ ಹೌಹಾರಿದರು. "ಒಲೆಯ ಹತ್ತಿರ ಚಪ್ಪಲಿಯಾ? ಶಿವ ಶಿವ! ಮಡಿ ಎಂಬುದು ಬೇಡವಾ?"

ಚಪ್ಪಲಿ ಬಿಡಲು ಬಗ್ಗಿದೆ. ಮೂವತ್ತು ವರ್ಷದ ಅಭ್ಯಾಸ, ಕೈ ತಾನೇ ಹೋಯಿತು. ಗೋದಾವರಿ ಗದರಿದಳು. "ಬಿಟ್ಟರೆ ನೋಡಿ! ಒಲೆ ಯಜ್ಞೇಶ್ವರ ನೋಡ್ತಾನೆ. ನೀವು ಇಲ್ಲಿ ಕೂತ್ಕೊಳ್ಳಿ." ಬಾಗಿಲ ಹೊರಗೆ ಕುರ್ಚಿ ಬಂತು.

ಮೊದಲು ಅವಮಾನವಾಯಿತು. ಆಮೇಲೆ ಮಜಾ. ನಾನು ಹೊರಗೆ, ಮೂಗು ಒಳಗೆ. "ಯಜ್ಞೇಶ್ವರಾ, ಮೆಂತೆ ಕರಟುತ್ತದೆ, ಬೆಂಕಿ ತೆಗಿ!" "ಅಲ್ಲಿಂದ ಹೇಗೆ ಗೊತ್ತಾಯ್ತು ಭಟ್ರೇ?" ಅತ್ತೆಯೂ ನಕ್ಕರು.

೪-೫, ಸಂಜೆ

ಧಾರೆಯಾಯಿತು. ಊಟ ಫಸ್ಟ್ ಕ್ಲಾಸ್, ಐವರ್ನಾಡಿನವರು ಹೋಳಿಗೆ ಕೇಳಿ ಕೇಳಿ ಹಾಕಿಸಿಕೊಂಡರು. ಹೆಸರು ಯಜ್ಞೇಶ್ವರನಿಗೆ. ಹೋಗಲಿ, ಅವನಿಗೆ ಬಂದ ಹೆಸರು ನನಗೆ ಬಂದ ಹಾಗೇ.

ಹೊರಡುವಾಗ ಮಗಳು ಅಳಿಯ ನಮಸ್ಕಾರಕ್ಕೆ ಬಗ್ಗಿದರು. ಆಶೀರ್ವಾದಕ್ಕೆ ಕೈ ಎತ್ತಿದೆ. ಅಳಿಯ ಎದ್ದ. ಮಗಳು ಏಳಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ ಅಲ್ಲೇ ಕುಳಿತು, "ಕಾಲು ಎತ್ತು ಅಪ್ಪ" ಎಂದಳು. ಬೀಗರ ಎದುರು! ಒಂಟಿ ಕಾಲಲ್ಲಿ ಅಳಿಯನ ಭುಜ ಹಿಡಿದು ನಿಂತೆ. ಬೆರಳ ಸಂದಿ, ಹಿಮ್ಮಡಿ, ಎಲ್ಲ ನೋಡಿದಳು. ಜನ ನಕ್ಕದ್ದೇ ನಕ್ಕದ್ದು. ಅವಳೂ ನಗುತ್ತಿದ್ದಳು, ಕಣ್ಣೀರು ಪಾದದ ಮೇಲೆ ಬಿದ್ದದ್ದು ಕಂಡೆ. ಬಿದ್ದದ್ದು ತಿಳಿಯಲಿಲ್ಲ, ಕಂಡೆ.

ಜೀಪು ಹೋಯಿತು. ಮನೆ ತುಂಬ ಜನ, ಆದರೂ ಖಾಲಿ. ನಾಳೆಯಿಂದ ಯಾರು ನೋಡುವುದು ಎಂದುಕೊಂಡೆ.

ಗೋದಾವರಿ ಕನ್ನಡಕ ಹಾಕಿ ಬಂದಿದ್ದಾಳೆ. "ಬೆಳಕು ಹೋಗುವ ಮೊದಲು ಕಾಲು ಕೊಡಿ, ಬರೆಯುದು ಮತ್ತೆ." ಇನ್ನೊಂದು ಸಾಲು ಬರೆಯಲಿಕ್ಕೆ ಉಂಟು ಮಾರಾಯ್ತಿ ಎಂದರೂ ಕೇಳ...